ಬಾಡಿಗೆ ಗಾಡಿ ಹತ್ತುವ ಮುನ್ನ



ಲಗ್ನಪತ್ರಿಕೆ ಕೈಗೆ ಬಂದ ಮನೆಯಲ್ಲಿ ಮೊದಲು ಏಳುವ ಮಾತು ಗಾಡಿಯದು. ಎಷ್ಟು ಜನ ಹೋಗುತ್ತೀವಿ, ಇನ್ನೋವಾ ಸಾಕೋ ಟಿಟಿ ಬೇಕೋ, ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬಾಟಾ ಸೇರಿಯೋ ಬೇರೆಯೋ, ಟೋಲ್ ಯಾರ ಲೆಕ್ಕಕ್ಕೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಊರಿನ ಸ್ಟ್ಯಾಂಡಿಗೆ ಹೋದರೂ ಈ ಲೆಕ್ಕವನ್ನು ನಮ್ಮ ಜನ ಬಹಳ ಚೆನ್ನಾಗಿ ಮಾಡುತ್ತಾರೆ. ಗಾಡಿಗೆ ಇನ್ಶೂರೆನ್ಸ್ ಯಾವ ಬಗೆಯದು, ಒಳಗೆ ಕೂತವರನ್ನು ಅದು ಕಾಯುತ್ತದೆಯೇ ಎಂದು ಕೇಳುವವರು ಮಾತ್ರ ತೀರ ವಿರಳ. ನಾನು ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ಎಂವಿಸಿ ಕೇಸು ಅಂತಾರಲ್ಲ, ಅದೇ. ನನ್ನ ಹತ್ತಿರ ಬರುವವರು ಈ ಪ್ರಶ್ನೆ ಕೇಳುವುದು ಅಪಘಾತ ಆದಮೇಲೆ. ಗಾಡಿ ಗೊತ್ತುಮಾಡುವಾಗಲೇ ಕೇಳಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂಬ ಸಂಕಟ ನನಗಿದೆ. ಅದಕ್ಕಾಗಿ ಈ ಮಾತು.

'ಗಾಡಿಗೆ ಇನ್ಶೂರೆನ್ಸ್ ಇದೆ ಅಣ್ಣ, ಏನೂ ಯೋಚನೆ ಮಾಡಬೇಡಿ' ಎಂದು ಗಾಡಿಯವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಇನ್ಶೂರೆನ್ಸ್ ಇರುತ್ತದೆ. ಅದು ಯಾರಿಗೆ ಇದೆ ಎಂಬುದನ್ನು ಬಿಡಿಸಿ ನೋಡಬೇಕು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ, ಎರಡನೇ ಸಲ 4,000 ರೂಪಾಯಿ ದಂಡ, ಜೈಲೂ ಆಗಬಹುದು. ಕಾಯ್ದೆ ಕಡ್ಡಾಯ ಮಾಡಿರುವ ಈ ವಿಮೆಯೇ ಥರ್ಡ್ ಪಾರ್ಟಿ. ಗಾಡಿ ಯಾರಿಗಾದರೂ ಗುದ್ದಿ ಸಾವು ಅಥವಾ ಗಾಯ ಆದರೆ ಕಂಪನಿ ಕೊಡುವ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ನ್ಯಾಯಾಲಯ ಎಷ್ಟು ಎಂದು ತೀರ್ಮಾನಿಸುತ್ತದೋ ಅಷ್ಟು. ಬೇರೆಯವರ ಆಸ್ತಿಪಾಸ್ತಿ ಹಾಳಾದರೆ ಏಳೂವರೆ ಲಕ್ಷದವರೆಗೆ. ಇದರ ಜೊತೆಗೆ ಗಾಡಿಯ ಸ್ವಂತ ಡ್ಯಾಮೇಜನ್ನೂ ಸೇರಿಸಿ ಮಾಡಿಸುವುದು ಪ್ಯಾಕೇಜ್ ಪಾಲಿಸಿ. ನಾವು ಫುಲ್ ಇನ್ಶೂರೆನ್ಸ್, ಫಸ್ಟ್ ಪಾರ್ಟಿ ಎಂದೆಲ್ಲ ಕರೆಯುವುದು ಇದನ್ನೇ.

ಈಗ ಗಾಡಿಯ ಒಳಗೆ ಕೂತವರ ವಿಷಯಕ್ಕೆ ಬರೋಣ. ಖಾಸಗಿ ಕಾರು, ಅಂದರೆ ವೈಟ್ ಬೋರ್ಡ್ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕೂತವರಿಗೆ ಆ ಪಾಲಿಸಿಯಿಂದ ಏನೂ ಸಿಗದು. ರಸ್ತೆಯಲ್ಲಿ ನಡೆದು ಹೋಗುವವರಿಗೆ, ಎದುರು ಗಾಡಿಯವರಿಗೆ ಕಂಪನಿ ಕೊಡಬೇಕು. ಹಿಂದಿನ ಸೀಟಿನಲ್ಲಿ ಕೂತ ನಿಮ್ಮ ಅಕ್ಕನಿಗೆ, ಬಾವನಿಗೆ ಕೊಡಬೇಕಾಗಿಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಖಾಸಗಿ ಕಾರಿನೊಳಗಿನವರೂ ಅದರ ರಕ್ಷಣೆಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸುತ್ತೋಲೆ ಹೊರಡಿಸಿತು. ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಸ್ಪಷ್ಟಪಡಿಸಿದೆ. ಆದರೆ ಅದೇ ಪಾಲಿಸಿಯ ಕಾಗದದಲ್ಲಿ ಇನ್ನೊಂದು ಸಾಲು ಇರುತ್ತದೆ: ಈ ಗಾಡಿಯನ್ನು ಬಾಡಿಗೆಗೆ ಬಳಸಕೂಡದು. ವೈಟ್ ಬೋರ್ಡ್ ಕಾರನ್ನು ಕಿಲೋಮೀಟರ್ ಲೆಕ್ಕದಲ್ಲಿ ಮಾತಾಡಿಕೊಂಡು ತಿರುಪತಿಗೆ ಹೊರಟ ಕ್ಷಣದಿಂದ ಕಂಪನಿಗೆ ತಕರಾರು ತೆಗೆಯಲು ದಾರಿ ಸಿಕ್ಕಿತು.

ಆ ತಕರಾರು ನ್ಯಾಯಾಲಯದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಿದವನು ನಾನು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕಟಕಟೆಯಲ್ಲಿ ನಿಂತಿರುತ್ತಾಳೆ. ಕಂಪನಿಯ ವಕೀಲರು ಪರಿಹಾರದ ಮೊತ್ತದ ಬಗ್ಗೆ ಕೇಳುವುದಕ್ಕಿಂತ ಮುಂಚೆ ಕೇಳುವ ಪ್ರಶ್ನೆ, 'ಗಾಡಿಗೆ ಎಷ್ಟು ಬಾಡಿಗೆ ಕೊಟ್ಟಿರಿ?' ಪೊಲೀಸರ ಮುಂದೆ ಯಾರೋ ಒಬ್ಬರು ಬಾಡಿಗೆ ಗಾಡಿ ಎಂದು ಹೇಳಿಕೆ ಕೊಟ್ಟಿರುತ್ತಾರೆ. ಮಾಲೀಕ ತನ್ನನ್ನು ಉಳಿಸಿಕೊಳ್ಳಲು ಸ್ನೇಹಿತರಿಗೆ ಕೊಟ್ಟಿದ್ದೆ ಎನ್ನುತ್ತಾನೆ. ಸುಳ್ಳು ಹೇಳಿ ಪರಿಹಾರ ಪಡೆಯಿರಿ ಎಂದು ವಕೀಲನಾದ ನಾನು ಹೇಳಲಾರೆ. ನಿಜ ಹೇಳಿದರೆ ಆ ಮನೆಗೆ ತೊಂದರೆ. ಕೆಲವು ಕೇಸುಗಳಲ್ಲಿ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶ ಆಗುತ್ತದೆ. ಕೆಲವು ಕೇಸುಗಳಲ್ಲಿ ಕಂಪನಿ ಪೂರ್ತಿ ಹೊರಗೆ ಹೋಗಿ ಮಾಲೀಕನ ಮೇಲೆ ಮಾತ್ರ ಹೊಣೆ ಬೀಳುತ್ತದೆ. ಆ ಮಾಲೀಕ ಸಾಲ ಮಾಡಿ ಹಳೇ ಗಾಡಿ ಕೊಂಡ ಹುಡುಗನಾಗಿದ್ದರೆ ಆದೇಶದ ಕಾಗದ ಇಟ್ಟುಕೊಂಡು ವರ್ಷಗಟ್ಟಲೆ ಕಾಯಬೇಕು.

ಯೆಲ್ಲೋ ಬೋರ್ಡ್ ಗಾಡಿಯ ಮಾತು ಬೇರೆ. ಟ್ಯಾಕ್ಸಿ, ಮ್ಯಾಕ್ಸಿಕ್ಯಾಬು, ಟಿಟಿ, ಬಸ್ಸುಗಳಲ್ಲಿ ಪ್ರಯಾಣಿಕರ ರಕ್ಷಣೆಯನ್ನು ಕಾಯ್ದೆಯೇ ಕಡ್ಡಾಯ ಮಾಡಿದೆ. ಅದಕ್ಕೆ ತಕ್ಕ ಹಣವನ್ನೂ ಮಾಲೀಕ ಕಟ್ಟಿರುತ್ತಾನೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿ ನೋಡಿ. ಸಾವಿರದಿಂದ ಸಾವಿರದ ಐನೂರು ಸಿಸಿ ಒಳಗಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. ಅದೇ ಕಾರು ಟ್ಯಾಕ್ಸಿಯಾದರೆ 7,940 ರೂಪಾಯಿ, ಅದರ ಮೇಲೆ ತಲೆಗೆ 978 ರೂಪಾಯಿಯಂತೆ ಪ್ರತಿ ಪ್ರಯಾಣಿಕರ ಲೆಕ್ಕ. ನಾಲ್ಕು ಜನರ ಸೀಟಿಗೆ ಒಟ್ಟು 11,852 ರೂಪಾಯಿ ಆಯಿತು. ಜೊತೆಗೆ ಪರ್ಮಿಟ್, ಎಫ್‌ಸಿ, ಟ್ಯಾಕ್ಸು. ವೈಟ್ ಬೋರ್ಡಿನವರು ಕಿಲೋಮೀಟರಿಗೆ ಒಂದೆರಡು ರೂಪಾಯಿ ಕಡಿಮೆಗೆ ಬರುವುದು ಈ ಖರ್ಚುಗಳು ಇಲ್ಲದ್ದರಿಂದ. ನೀವು ಉಳಿಸಿದ ಆ ಹಣ ನಿಮ್ಮ ಸೀಟಿನ ವಿಮೆಯದೇ ಹಣ. ಕಾನೂನಿನಂತೆ ನಡೆದುಕೊಳ್ಳುತ್ತಿರುವ ಯೆಲ್ಲೋ ಬೋರ್ಡಿನ ಚಾಲಕರಿಗೂ ಇದರಿಂದ ಅನ್ಯಾಯವಾಗುತ್ತಿದೆ. ಅವರು ಕೇಳುವ ದರವನ್ನು ಹೆಚ್ಚು ಎಂದು ಬೈಯುವ ಮೊದಲು ಈ ಲೆಕ್ಕ ನೆನಪಿಗೆ ಬರಲಿ.

ಯೆಲ್ಲೋ ಬೋರ್ಡ್ ಆದರೂ ಸೀಟಿಗಿಂತ ಹೆಚ್ಚು ಜನ ತುಂಬಿದರೆ ರಕ್ಷಣೆ ತೆಳುವಾಗುತ್ತದೆ. ಅಂಜನಾ ಶ್ಯಾಮ್ ಪ್ರಕರಣ ಎಂದು ಸುಪ್ರೀಂ ಕೋರ್ಟಿನ 2007ರ ಒಂದು ತೀರ್ಪು ಇದೆ. 42 ಸೀಟಿನ ಬಸ್ಸಿನಲ್ಲಿ 90 ಜನ ಇದ್ದರು. ಕಂಪನಿ 42 ಜನರ ಮಟ್ಟಿಗೆ ಮಾತ್ರ ಹೊಣೆ ಎಂದಿತು ನ್ಯಾಯಾಲಯ. ಅತಿ ಹೆಚ್ಚಿನ 42 ಪರಿಹಾರಗಳ ಮೊತ್ತವನ್ನು ಕಂಪನಿ ಕಟ್ಟಬೇಕು, ಅದನ್ನು ಎಲ್ಲರಿಗೂ ಹಂಚಬೇಕು. ಉಳಿದದ್ದನ್ನು ಬಸ್ಸಿನ ಮಾಲೀಕನಿಂದ ಪಡೆಯಬೇಕು. ಅಂದರೆ ಹತ್ತಿದ ಪ್ರತಿಯೊಬ್ಬ ಹೆಚ್ಚಿನ ಪ್ರಯಾಣಿಕನೂ ಪಕ್ಕದವನ ಪಾಲಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾನೆ. ನಮಗೆ ಇದು ದೂರದ ಮಾತಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಹತ್ತಿರ ಖಾಸಗಿ ಬಸ್ಸು ಮಗುಚಿ ಓದುವ ಮಕ್ಕಳು ಸತ್ತರು. ಬಸ್ಸು ಕಿಕ್ಕಿರಿದಿತ್ತು. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಕಡೆ ಹೆದ್ದಾರಿಯಲ್ಲಿ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಒಂಬತ್ತು ಜನ ತೀರಿಹೋದರು. ಆ ಕ್ರೂಸರಿನಲ್ಲೂ ಜನ ಇಕ್ಕಟ್ಟಾಗಿ ತುಂಬಿದ್ದರು. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದಿದ್ದರೆ ಜನ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವನ್ನು ಸರ್ಕಾರ ಕೊಡಬೇಕೇ ಹೊರತು ಪ್ರಯಾಣಿಕರಲ್ಲ.

ಇನ್ನು ಟ್ರ್ಯಾಕ್ಟರ್ ಮತ್ತು ಲಗೇಜ್ ಆಟೋ. ದಂಡಿನ ಮಾರಮ್ಮನ ಜಾತ್ರೆಗೆ, ಗೊರವನಹಳ್ಳಿಗೆ, ಬೀಗರೂಟಕ್ಕೆ ಟ್ರೈಲರಿನಲ್ಲಿ ಚಾಪೆ ಹಾಸಿಕೊಂಡು ಹೋಗುವುದನ್ನು ದಿನವೂ ಕಾಣುತ್ತೇವೆ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿ ಇಪ್ಪತ್ತು ವರ್ಷ ದಾಟಿತು. ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಒಬ್ಬರಿಗೆ ಮಾತ್ರ ಜಾಗ ಕೊಟ್ಟಿದೆ. ಸರಕಿನ ಒಡೆಯ ಅಥವಾ ಅವನ ಪರವಾಗಿ ಸರಕಿನ ಜೊತೆ ಹೋಗುವವನು. ಕಡಲೆಕಾಯಿ ಚೀಲ ಹಾಕಿಕೊಂಡು ಮಂಡಿಗೆ ಹೊರಟ ಪಾವಗಡದ ರೈತನಿಗೆ, ಹುಣಸೆಹಣ್ಣು ತುಂಬಿಕೊಂಡು ಹೊರಟ ಮಧುಗಿರಿಯ ರೈತನಿಗೆ ರಕ್ಷಣೆ ಉಂಟು. ಪೇಟೆಯಲ್ಲಿ ಬಟ್ಟೆ ತರೋಣ ಎಂದು ಅದೇ ಗಾಡಿಗೆ ಹತ್ತಿದ ಹೆಂಡತಿ ಮಕ್ಕಳಿಗೆ ಇಲ್ಲ. ಕೇಳಲು ಕ್ರೂರವಾಗಿದೆ. ಆದರೂ ಕಾನೂನು ಇವತ್ತು ಹಾಗೇ ಇದೆ. ಟ್ರೈಲರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ಕಂಡಾಗಲೆಲ್ಲ ಇಳಿಸಿ ಬಸ್ಸಿಗೆ ಹತ್ತಿಸಬೇಕು ಅನ್ನಿಸುತ್ತದೆ.

ಪಾವಗಡದವರಿಗೆ ಇನ್ನೊಂದು ಮಾತು ವಿಶೇಷವಾಗಿ ಹೇಳಬೇಕು. ನಿಮ್ಮ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಹಿಂದೂಪುರ, ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗ ನಿಮಗೆ ತುಮಕೂರಿಗಿಂತ ಹತ್ತಿರ. ರೋಗಿಯನ್ನು ಪುಟ್ಟಪರ್ತಿಯ ಆಸ್ಪತ್ರೆಗೆ ಕರೆದೊಯ್ಯುವಾಗ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಆದರೆ ಗಾಡಿಯ ಪರ್ಮಿಟ್ಟಿಗೆ ಗಡಿ ಗೊತ್ತಾಗುತ್ತದೆ. ಕರ್ನಾಟಕಕ್ಕೆ ಮಾತ್ರ ಪರ್ಮಿಟ್ ಇರುವ ಟ್ಯಾಕ್ಸಿ ಆಂಧ್ರಕ್ಕೆ ಹೋಗಬೇಕಾದರೆ ವಿಶೇಷ ಪರ್ಮಿಟ್ ತೆಗೆಯಬೇಕು, ಇಲ್ಲವೇ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇರಬೇಕು. ಅದು ಈಗ ಆನ್‌ಲೈನಿನಲ್ಲೇ ಸಿಗುತ್ತದೆ. ಪರ್ಮಿಟ್ ಇಲ್ಲದ ಗಾಡಿ ಓಡಿಸುವುದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಎಂದು ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿ ಪರಿಹಾರ ಕೊಟ್ಟು ಮಾಲೀಕನಿಂದ ವಸೂಲಿ ಮಾಡುತ್ತದೆ. ಗಾಡಿ ಇಟ್ಟುಕೊಂಡಿರುವ ಸೋದರರೇ, ಒಂದು ಸಣ್ಣ ಫೀಸು ಉಳಿಸಲು ಹೋಗಿ ಹೊಲ ಮನೆ ಮಾರಬೇಕಾದ ಸ್ಥಿತಿ ಬರಬಾರದು.

ಇದನ್ನೆಲ್ಲ ತಿಳಿಯುವುದು ಕಷ್ಟವೇನಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗೆ ಇದೆ, ಎಫ್‌ಸಿ ಯಾವಾಗ ಮುಗಿಯುತ್ತದೆ ಎಂಬುದು ಬರುತ್ತದೆ. ಗಾಡಿಯ ವರ್ಗ ಮೋಟಾರ್ ಕಾರ್ ಎಂದಿದ್ದರೆ ಖಾಸಗಿ, ಮೋಟಾರ್ ಕ್ಯಾಬ್ ಎಂದಿದ್ದರೆ ಬಾಡಿಗೆಯದು. ಓದಲು ಬಾರದ ಹಿರಿಯರಿಗೆ ಮನೆಯ ಹೈಸ್ಕೂಲು ಮಕ್ಕಳು ನೋಡಿ ಹೇಳಬಹುದು. 'ಅಣ್ಣ, ಪಾಲಿಸಿ ಕಾಪಿ ಒಂದು ವಾಟ್ಸಾಪ್ ಮಾಡು' ಎಂದು ಕೇಳುವುದರಲ್ಲಿ ಸಂಕೋಚವೂ ಬೇಡ.

ಈಗಿನ ಹುಡುಗರು ಡ್ರೈವರ್ ಇಲ್ಲದೆ ಗಾಡಿ ಮಾತ್ರ ಬಾಡಿಗೆಗೆ ಪಡೆಯುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು, ಸಿದ್ಧರಬೆಟ್ಟಕ್ಕೆ, ಕಗ್ಗಲಡುವಿನ ಹಕ್ಕಿ ನೋಡಲು ಬೆಂಗಳೂರಿನಿಂದ ಹೀಗೆ ಬರುವವರು ಬಹಳ. ಕಾನೂನುಬದ್ಧವಾದ ಸೆಲ್ಫ್ ಡ್ರೈವ್ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಇಲ್ಲಿ ಗಮನಿಸಬೇಕಾದ ವ್ಯಕ್ತಿ ಸ್ಟಿಯರಿಂಗ್ ಹಿಡಿದವನೇ. ನಮ್ಮ ಕರ್ನಾಟಕದ್ದೇ ಆದ ನಿಂಗಮ್ಮ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬೇರೆಯವರ ಗಾಡಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲಿ ನಿಂತಂತೆ, ಅವನು ಥರ್ಡ್ ಪಾರ್ಟಿ ಆಗಲಾರ. ಮಾಲೀಕರಿಗೆ ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನೋಂದಾಯಿತ ಮಾಲೀಕನಿಗೆ ಮಾತ್ರ, ಪಡೆದು ಓಡಿಸುವವನಿಗೆ ಇಲ್ಲ. ಅವನದೇ ತಪ್ಪಿನಿಂದ ಗಾಡಿ ಮಗುಚಿದರೆ ಅವನ ಮನೆಯವರಿಗೆ ಎಲ್ಲಿಂದಲೂ ಏನೂ ಬಾರದೆ ಹೋಗಬಹುದು. ಹಾಗಾಗಿ ಬಾಡಿಗೆ ಗಾಡಿ ಓಡಿಸುವ ಹವ್ಯಾಸ ಇರುವವರು ತಮ್ಮ ಹೆಸರಿನಲ್ಲೇ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಅದು ಯಾವ ಗಾಡಿಯಲ್ಲಿದ್ದರೂ ನಿಮ್ಮ ಜೊತೆ ಬರುತ್ತದೆ.

ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಬಾಣಂತನಕ್ಕೆ ಅಂತ ತಾಯಂದಿರು ಹೋಗುತ್ತಾರೆ, ಅಪ್ಪ ಅಮ್ಮ ಬಂದಿದ್ದಾರೆ ಅಂತ ಮಗ ದೊಡ್ಡ ಗಾಡಿ ಬಾಡಿಗೆಗೆ ತೆಗೆದು ನಯಾಗರಾ ತೋರಿಸಲು ಹೊರಡುತ್ತಾನೆ. ಅಲ್ಲಿ ಗಾಡಿ ಕೊಡುವ ಕೌಂಟರಿನಲ್ಲೇ ವಿಮೆಯ ಆಯ್ಕೆಗಳನ್ನು ಮುಂದಿಡುತ್ತಾರೆ, ಬೇಕು ಬೇಡ ಎಂದು ನಿಂತ ನಿಲುವಿನಲ್ಲೇ ಹೇಳಬೇಕು. ಒಂದು, ಗಾಡಿಗೆ ಏಟಾದರೆ ಕಂಪನಿ ನಿಮ್ಮಿಂದ ವಸೂಲಿ ಮಾಡುವುದಿಲ್ಲ ಎನ್ನುವ ಕರಾರು. ಇನ್ನೊಂದು, ನಿಮ್ಮಿಂದ ಬೇರೆಯವರಿಗೆ ಆದ ಹಾನಿಯ ವಿಮೆ. ಮತ್ತೊಂದು, ಒಳಗೆ ಕೂತವರ ಗಾಯ ಮತ್ತು ಚಿಕಿತ್ಸೆಯದು. ಇವುಗಳಲ್ಲಿ ಎರಡನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. ನಮ್ಮಲ್ಲಿ ಸಾವು ಗಾಯಗಳ ಥರ್ಡ್ ಪಾರ್ಟಿ ಪರಿಹಾರಕ್ಕೆ ಮಿತಿಯಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಗಾಯಗಳಿಗೆ ಕನಿಷ್ಠ ರಕ್ಷಣೆ ಒಂದು ಅಪಘಾತಕ್ಕೆ 64,50,000 ಯೂರೋ, ಇಲ್ಲವೇ ಗಾಯಗೊಂಡ ಒಬ್ಬರಿಗೆ 13 ಲಕ್ಷ ಯೂರೋ. ಅಮೆರಿಕದಲ್ಲಿ ರಾಜ್ಯಕ್ಕೊಂದು ಮಿತಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಲ್ಲಿ ಏರಿಸಿದ ಮೇಲೂ ಕಾನೂನು ಕೇಳುವುದು ಒಬ್ಬರಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000 ಡಾಲರ್. ಅಲ್ಲಿನ ಆಸ್ಪತ್ರೆಯ ಬಿಲ್ಲಿನ ಮುಂದೆ ಇದು ಸಾಲದು. ಉಳಿದದ್ದು ಗಾಡಿ ಓಡಿಸಿದವನ ತಲೆಗೆ.

ಅಲ್ಲಿ ಸ್ವಂತ ಕಾರು ಇರುವವರ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಕಾರಿಗೂ ಅನ್ವಯಿಸುತ್ತದೆ. ಅದಕ್ಕೇ ಅಲ್ಲಿಯವರು ಕೌಂಟರಿನಲ್ಲಿ ಬೇಡ ಎಂದು ಧೈರ್ಯವಾಗಿ ಹೇಳುತ್ತಾರೆ. ಯೂರೋಪಿನಿಂದ ಬರುವ ಪ್ರವಾಸಿಗೆ ಆ ಬೆಂಬಲವಿಲ್ಲ. ಆದ್ದರಿಂದ ಮೇಲೆ ಹೇಳಿದ ಮೊದಲ ಎರಡೂ ಸೇರಿದ ಪ್ಯಾಕೇಜನ್ನು ಅವನು ತನ್ನ ದೇಶದಲ್ಲೇ ಬುಕ್ ಮಾಡಿ ಬರುತ್ತಾನೆ. ನಮ್ಮ ಹುಡುಗ ಓದಲು ಹೊಸದಾಗಿ ಹೋಗಿದ್ದು ಇನ್ನೂ ಕಾರು ಕೊಂಡಿಲ್ಲದಿದ್ದರೆ ಅವನ ಸ್ಥಿತಿಯೂ ಯೂರೋಪಿನ ಪ್ರವಾಸಿಯದೇ. ಗೆಳೆಯರು ಬೇಡ ಅಂದರು ಎಂದು ಅವನೂ ಬೇಡ ಅನ್ನಬಾರದು. ಕ್ರೆಡಿಟ್ ಕಾರ್ಡಿನಲ್ಲೇ ವಿಮೆ ಬರುತ್ತದೆ ಎನ್ನುವುದು ಅರ್ಧ ನಿಜ. ಅದು ಸಾಧಾರಣವಾಗಿ ಆ ಕಾರಿಗಾದ ಏಟಿಗೆ ಮಾತ್ರ, ಗುದ್ದಿಸಿಕೊಂಡವರಿಗೆ ಅಲ್ಲ. ಎರಡು ಸಂಸಾರ ಸೇರಿ ಹೋಗಲು ತೆಗೆಯುವ ದೊಡ್ಡ ವ್ಯಾನುಗಳನ್ನು ಬಹಳಷ್ಟು ಕಾರ್ಡುಗಳು ಹೊರಗಿಟ್ಟಿರುತ್ತವೆ. ಕರಾರಿನಲ್ಲಿ ಹೆಸರು ಬರೆಸದವರ ಕೈಗೆ ಸ್ಟಿಯರಿಂಗ್ ಕೊಟ್ಟರೆ ಕೊಂಡ ರಕ್ಷಣೆಯೂ ಹೋಗುತ್ತದೆ. ಇಲ್ಲಿಂದ ಹೋಗಿ ತಾವೇ ಓಡಿಸುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಒ ಕಚೇರಿಯಲ್ಲಿ ಪಡೆದುಕೊಳ್ಳಿ. ಕೆಎ 64 ಸಂಖ್ಯೆಯ ಕಚೇರಿ ನಮ್ಮ ಮಧುಗಿರಿಯದೇ. ಒಂದು ವರ್ಷಕ್ಕೆ ಆ ಪರವಾನಗಿ ನಡೆಯುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ತಂದೆತಾಯಿಗೆ ಪ್ರವಾಸಿ ಆರೋಗ್ಯ ವಿಮೆ ಇಲ್ಲದೆ ದಯವಿಟ್ಟು ಕಳಿಸಬೇಡಿ.

ಕಡೆಯದಾಗಿ, ಆಗಬಾರದ್ದು ನಮ್ಮ ಊರಿನ ದಾರಿಯಲ್ಲೇ ಆದರೆ ಏನು ಮಾಡಬೇಕು ಎಂಬುದು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಸಿಗುತ್ತದೆ. ಗುದ್ದಿದ ಗಾಡಿ ಸಿಗದೆ ಹೋದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಗಾಡಿ ಸಿಕ್ಕಿದರೆ ಯಾರ ತಪ್ಪು ಎಂದು ಸಾಬೀತು ಮಾಡದೆಯೇ 164ನೇ ಸೆಕ್ಷನ್ನಿನಲ್ಲಿ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವುದು 166ನೇ ಸೆಕ್ಷನ್ನಿನಲ್ಲಿ. 2022ರ ಏಪ್ರಿಲ್‌ನಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಮಿತಿ ಬಂದಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಅದರ ಮೇಲೆ ಭರವಸೆ ಇಟ್ಟು ತಡಮಾಡಬೇಡಿ. ತಿಥಿ, ವೈಕುಂಠ ಸಮಾರಾಧನೆ, ಆಸ್ಪತ್ರೆಯ ಓಡಾಟದಲ್ಲಿ ಆರು ತಿಂಗಳು ಕಳೆದುಹೋಗುವುದು ತಿಳಿಯುವುದೇ ಇಲ್ಲ.

ಇನ್ನು, ಅಪಘಾತ ಆಂಧ್ರದಲ್ಲಿ ಆಯಿತು, ಕೇಸಿಗಾಗಿ ಅಲ್ಲಿಗೇ ಅಲೆಯಬೇಕಲ್ಲ ಎಂದು ಕೈಬಿಟ್ಟವರನ್ನು ಕಂಡಿದ್ದೇನೆ. ಹಾಗೇನಿಲ್ಲ. ನೀವು ವಾಸವಿರುವ ಊರಿನ ವ್ಯಾಪ್ತಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. ತಿರುಪತಿಯ ದಾರಿಯಲ್ಲಿ ಆದ ಅಪಘಾತದ ಕೇಸು ಮಧುಗಿರಿಯಲ್ಲಿ ನಡೆಯಬಹುದು. ಅಲ್ಲಿನ ಪೊಲೀಸ್ ಠಾಣೆಯಿಂದ ಎಫ್‌ಐಆರ್, ಮಹಜರು, ಗಾಡಿಯ ಪಾಲಿಸಿ, ಚಾಲಕನ ಲೈಸೆನ್ಸಿನ ಪ್ರತಿಗಳನ್ನು ಆದಷ್ಟು ಬೇಗ ತರಿಸಿಕೊಳ್ಳಿ. ಎಫ್‌ಐಆರ್ ತೆಲುಗಿನಲ್ಲಿದ್ದರೆ ಕನ್ನಡಕ್ಕೆ ಮಾಡಿಸಿ ಅದನ್ನೂ ಅರ್ಜಿಯ ಜೊತೆ ಸೇರಿಸಬೇಕು.